ತೊಂಬತ್ತೊಂಬತ್ತನೇ ವಾರ್ಡಿನ ಐತವಾರ

ಕಾಗಿಣಾಪುರದಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗೆ ನಿಂತರೆ ಮನುಷ್ಯ ಬದುಕುವುದಿಲ್ಲ. ಇದು ಈಗ ಯಾರಿಗೂ ಸುದ್ದಿಯಲ್ಲ. ಜನ ಬಾಗಿಲು ಹಾಕಿಕೊಂಡು, ಮನೆಯೊಳಗಿನ ಪರಸಿ ಕಲ್ಲಿನ ನೆಲದ ಮೇಲೆ ಅಂಗಾತ ಬಿದ್ದುಕೊಂಡು ಹೊತ್ತು ಇಳಿಯುವುದನ್ನು ಕಾಯುತ್ತಾರೆ. ಕಲ್ಲಿನ ಕೆಳಗೆ ಕೊಳವೆ, ಕೊಳವೆಯಲ್ಲಿ ಮಂಜುಗಡ್ಡೆ ಕರಗಿದ ನೀರು. ಊರ ಹೊರಗಿನ ಹಳೆಯ ಕಲ್ಲುಖಣಿಗಳಿಗೆ ನೀರು ತುಂಬಿಸಿ, ಬಿಸಿಲಿನ ವಿದ್ಯುತ್ತಿನಿಂದಲೇ ಅದನ್ನು ಗಡ್ಡೆ ಕಟ್ಟಿಸಿ, ಆ ತಣ್ಣೀರನ್ನು ಮನೆಮನೆಗೆ ಹರಿಸುವ ಈ ವ್ಯವಸ್ಥೆಗೆ ನೆಲತಂಪು ಎಂದು ಹೆಸರು. ಪ್ರತಿ ಮನೆಯ ಮೂಲೆಯಲ್ಲಿ ಒಂದು ವಾಲ್ವು. ಅದು ಎಷ್ಟು ತೆರೆಯಬೇಕೆಂದು ಹೇಳುವುದು ನೆಲತಂಪು ನಿಗಮದ ಕಂಪ್ಯೂಟರು. ಬೆಳಗಿನ ಜಾವ ಅದು ಯಾವ ಮನೆಯಲ್ಲಿ ಜನರಿದ್ದಾರೆ ಎಂದು ಎಣಿಸುತ್ತದೆ. ಖಾಲಿ ಮನೆಯ ಪಾಲನ್ನು ಅವತ್ತು ಉಳಿದ ಮನೆಗಳಿಗೆ ಹಂಚಿಬಿಡುತ್ತದೆ.

ಆ ಖಣಿಗಳ ದಂಡೆಯಲ್ಲಿ ಮೊದಲು ಜನ ಇದ್ದರು. ತಲೆಮಾರುಗಳಿಂದ ಅಲ್ಲೇ ಕಲ್ಲು ಎಬ್ಬಿಸಿಕೊಂಡು ಬದುಕಿದವರು. ಮಂಜುಗಡ್ಡೆಗೆ ಜಾಗ ಬೇಕೆಂದು ಅವರನ್ನು ಖಾಲಿ ಮಾಡಿಸಿ, ಊರಿನ ಇನ್ನೊಂದು ತುದಿಯ ಬಟಾಬಯಲಿನಲ್ಲಿ ಸಾಲುಮನೆ ಕಟ್ಟಿಕೊಟ್ಟು, ತೊಂಬತ್ತೊಂಬತ್ತನೇ ವಾರ್ಡು ಎಂಬ ಬೋರ್ಡು ನೆಟ್ಟರು. ತಮ್ಮ ಖಣಿಯ ತಂಪು ತಮಗೊಬ್ಬರಿಗೆ ಬಿಟ್ಟು ಊರಿಗೆಲ್ಲ ಸಿಗುತ್ತದೆ ಎಂಬ ಸಿಟ್ಟು ಆ ಖಣಿಯವರ ಮಗಳಾದ ನೀಲಗಂಗಾಳಿಗೆ ಮೊದಲಿನಿಂದಲೂ ಇತ್ತು. ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೆಂದು ಮಾತ್ರ ಗೊತ್ತಿರಲಿಲ್ಲ. ಗೊತ್ತಾದದ್ದು ಅಕ್ಕ ಚಂದಮ್ಮನ ಕೂಸಿನ ತೊಟ್ಟಿಲ ಕಾರ್ಯದ ದಿನ.

ಕಾರ್ಯ ಐತವಾರ ಇಟ್ಟುಕೊಂಡಿದ್ದರು. ಆ ವಾರ್ಡಿನಲ್ಲಿ ಮದುವೆ, ಕುಬಸ, ತೊಟ್ಟಿಲು ಎಲ್ಲವೂ ಐತವಾರವೇ. ಪಂಚಾಂಗ ನೋಡಿ ಅಲ್ಲ, ಐತವಾರ ನೆಲ ತಂಪಾಗಿರುತ್ತದೆ ಎಂದು. ಉಳಿದ ದಿನ ಬೆಳಿಗ್ಗೆ ಬರುವ ತಂಪು ಆಫೀಸು ತೆರೆಯುವ ಹೊತ್ತಿಗೆ ವಾಲ್ವು ಟಕ್ಕೆಂದು ಬಿದ್ದು ನಿಂತುಹೋಗುತ್ತಿತ್ತು. ಆಮೇಲೆ ನೆಲವೆಲ್ಲ ಕಾದ ಹಂಚು. ಸರ್ಕಾರಿ ಸೂಟಿ ಇದ್ದರೆ ಮತ್ತೆ ತಂಪು. ಕಳೆದ ವರ್ಷ ಯಾರೋ ಮಂತ್ರಿ ತೀರಿಕೊಂಡು ಸೂಟಿ ಕೊಟ್ಟಾಗ ಓಣಿಯ ಮಂದಿ ಕೌದಿ ಹೊದ್ದು ಮಲಗಿದ್ದರು. ಅಂದಿನಿಂದ ಪಕ್ಕದ ಮನೆಯ ಬೋರಮ್ಮ ಆಯಿ ನೆಲ ತಂಪಾದ ದಿನವೆಲ್ಲ "ಇವತ್ತ ಯಾವ ದೊಡ್ಡವ್ರು ಸತ್ರವ್ವಾ?" ಎಂದು ಕೇಳುವುದು, ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿ ನಗುವುದು ರೂಢಿಯಾಗಿತ್ತು. ಆಯಿಯ ಗಂಡ ಸತ್ತದ್ದು ಒಂದು ಮಂಗಳವಾರ, ಮಟಮಟ ಮಧ್ಯಾಹ್ನ, ಇದೇ ನೆಲದ ಮೇಲೆ. ಅವನಿಗಾಗಿ ಯಾರೂ ಸೂಟಿ ಕೊಡಲಿಲ್ಲ.

ದೂರು ಕೊಡಲಿಲ್ಲವೆಂದಲ್ಲ. ಕೊಟ್ಟ ಮರುಕ್ಷಣವೇ ಫೋನಿನಲ್ಲಿ ಉತ್ತರ ಬರುತ್ತಿತ್ತು: ‘ನಿಮ್ಮ ದೂರು ಪರಿಹಾರವಾಗಿದೆ, ಧನ್ಯವಾದಗಳು.’ ಬೈಯೋಣವೆಂದರೆ ಆ ಕಡೆ ಮನುಷ್ಯರೇ ಇಲ್ಲ.

ಹಾಗಾಗಿ ನೀಲಗಂಗಾಳಿಗೆ ನಿಗಮದಲ್ಲಿ ಎಂಜಿನಿಯರ್ ಕೆಲಸ ಸಿಕ್ಕಾಗ ಅವಳಿಗಿಂತ ಹೆಚ್ಚು ಕುಣಿದವಳು ಚಂದಮ್ಮ. "ನೀ ಒಳಗ ಹೋದ್ರ ನಮ್ಮ ವಾಲ್ವಿನ ಖಬರು ತಿಳೀತದ ನೋಡು" ಎಂದಿದ್ದಳು. ಸೋಮವಾರ ಕೆಲಸಕ್ಕೆ ಸೇರಬೇಕು. ಬರುವ ಮೊದಲೇ ನೆಲತಂಪಿನ ಬ್ಯಾಕೆಂಡನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎಬ್ಬಿಸಿ ಇಟ್ಟುಕೊಂಡು ಬನ್ನಿ ಎಂದು ನಿಗಮದವರು ಹೇಳಿದ್ದರು. ಆದ್ದರಿಂದಲೇ ಅಡುಗೆಮನೆಯಲ್ಲಿ ಗುಗ್ಗರಿ ಬೇಯುತ್ತಿದ್ದಾಗ ಅವಳು ಮೂಲೆಯಲ್ಲಿ ಗೋಡೆಗೆ ಒರಗಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತಿದ್ದಳು.

"ಕಾರ್ಯದ ಮನ್ಯಾಗ ಏನಿದು ನಿನ್ನ ಉಸಾಬರಿ?" ಎಂದ ಅಕ್ಕನ ಗಂಡ ಮಲ್ಕಣ್ಣ.

"ಮಾಮಾ, ಫೋನಿನ್ಯಾಗ ನಿಮಗ ಕಾಣೋದು ಬರೇ ಮುಖ. ಹಿಂದ ಕುಂತು ಲೆಕ್ಕ ಹಾಕೋದು, ವಾಲ್ವು ತೆಗೀ ಮುಚ್ಚು ಅನ್ನೋದು ಬ್ಯಾಕೆಂಡು. ಅದರದೊಂದು ನಕಲು ನನ್ನ ಪೆಟ್ಟಿಗ್ಯಾಗ ಮಾಡ್ಲಿಕತ್ತೀನಿ. ಇದರಾಗ ನಾ ಏನು ಕೆಡಿಸಿದ್ರೂ ಊರಿಗಿ ಏನೂ ಆಗಂಗಿಲ್ಲ."

"ಇಡೀ ಊರು ಪೆಟ್ಟಿಗ್ಯಾಗ ತುಂಬಿದಿ ಅನ್ನು."

"ಹೌದು. ಆಟದ ಊರು."

ಊರಿನ ನಕಲು ಸುಲಭಕ್ಕೆ ಎದ್ದು ನಿಲ್ಲಲಿಲ್ಲ. ಮೊದಲು ಡೇಟಾಬೇಸು ಮುನಿಸಿಕೊಂಡಿತು, ಆಮೇಲೆ ಪಾಸ್‌ವರ್ಡ್ ಸರಿಯಿಲ್ಲವೆಂದಿತು. ಕೊನೆಗೆ ಉಳಿದದ್ದು ಒಂದೇ ಕೆಲಸ, ಮಾದರಿ ಮನೆಗಳನ್ನು ತುಂಬುವುದು. ಯಾವ ಬ್ಯಾಕೆಂಡೇ ಆಗಲಿ, ಖಾಲಿ ಇಟ್ಟರೆ ಓಡುತ್ತದೋ ಇಲ್ಲವೋ ತಿಳಿಯುವುದಿಲ್ಲ. ಹಳೆಯದನ್ನೆಲ್ಲ ಖಾಲಿ ಮಾಡಿ, ಸುಳ್ಳು ಮನೆ, ಸುಳ್ಳು ಹೆಸರು ಹಾಕಿ ನೋಡಬೇಕು. ಆ ಕಡೆ ತೊಟ್ಟಿಲ ಸುತ್ತ ಹೆಂಗಸರು ನೆರೆದಿದ್ದರು. ಸೋದರತ್ತೆ ಹೆಸರಿಡಲು ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎನ್ನುವುದಕ್ಕೂ ಈ ಕಡೆ ನೀಲಗಂಗಾ ಕೀಲಿ ಒತ್ತುವುದಕ್ಕೂ ಸರಿಹೋಯಿತು. ಪರದೆಯ ಮೇಲೆ ಒಂದು ಸಾಲು ಮೂಡಿತು: ‘ಮಾದರಿ ವಾರ್ಡಿನ ಎಲ್ಲ ಮನೆಗಳನ್ನು ಖಾಲಿ ಮಾಡಲಾಗಿದೆ.’

ಮೂಲೆಯ ವಾಲ್ವು ಟಕ್ಕೆಂದಿತು.

ಪಕ್ಕದ ಮನೆಯದೂ ಟಕ್ಕೆಂದಿತು. ಆಮೇಲೆ ಅದರ ಪಕ್ಕದ್ದು, ಎದುರು ಸಾಲಿನದು, ಹಿಂದಿನ ಓಣಿಯದು. ಶಬ್ದ ದೂರ ದೂರ ಹೋಗುತ್ತಾ ವಾರ್ಡಿನ ಕೊನೆ ಮುಟ್ಟಿತು. ಹಾಡು ನಿಂತುಹೋಯಿತು.

"ಇವತ್ತ ಐತವಾರ ಅಲ್ಲೇನು?" ಎಂದು ಯಾರೋ ಅಂದರು.

ನೀಲಗಂಗಾ ಪರದೆ ನೋಡಿದಳು, ವಾಲ್ವು ನೋಡಿದಳು. ಮಾದರಿ ವಾರ್ಡು ಎಂದರೆ ಯಾವುದು ಎಂದು ಬರೆದಿದ್ದ ಕಡತ ತೆರೆದಳು. ತೊಂಬತ್ತೊಂಬತ್ತು ಎಂದಿತ್ತು.

ಎಲ್ಲವೂ ಒಟ್ಟಿಗೇ ಅರ್ಥವಾಯಿತು. ಊರಿನ ನಕಲು ಮಾಡಬಹುದು. ಆದರೆ ವಾಲ್ವುಗಳ ಜೊತೆ ಮಾತಾಡುವ ಯಂತ್ರ ಊರಿಗೆಲ್ಲ ಒಂದೇ, ಅದರ ನಕಲು ಯಾರ ಬಳಿಯೂ ಇಲ್ಲ. ನಿಗಮ ಶುರುವಾದ ಕಾಲಕ್ಕೆ ಯಾರೋ ಜಾಣರು, ಇಲ್ಲದ ಒಂದು ವಾರ್ಡಿನ ಸಂಖ್ಯೆ ಹಾಕಿಕೊಂಡು ನಿಜವಾದ ಯಂತ್ರಕ್ಕೇ ಆಜ್ಞೆ ಕಳಿಸೋಣ, ಯಾರಿಗೂ ತೊಂದರೆಯಿಲ್ಲ ಎಂದುಕೊಂಡಿದ್ದರು. ಆಗ ಊರಿನಲ್ಲಿದ್ದದ್ದು ಅರವತ್ತು ಚಿಲ್ಲರೆ ವಾರ್ಡು. ಆಮೇಲೆ ಖಣಿಯ ಜನರಿಗೆ ಸಂಖ್ಯೆ ಹುಡುಕಿದ ಇನ್ಯಾರೋ ಜಾಣರು, ಊರಿಗೆ ಸೇರದಷ್ಟು ದೂರದ ಸಂಖ್ಯೆ ಇರಲಿ ಎಂದು ಅದನ್ನೇ ಕೊಟ್ಟರು. ಅಂದಿನಿಂದ ನಿಗಮದ ಎಂಜಿನಿಯರು ತಮ್ಮ ಮೇಜಿನ ಮುಂದೆ ಕೂತು ಬ್ಯಾಕೆಂಡ್ ಎಬ್ಬಿಸಿದಾಗಲೆಲ್ಲ ಇಲ್ಲಿ ಒಂದು ವಾರ್ಡು ಸಾಯುತ್ತಿತ್ತು. ಐತವಾರ ಅವರು ಕೆಲಸಕ್ಕೆ ಬರುತ್ತಿರಲಿಲ್ಲ, ಅದಕ್ಕೇ ಇವರು ಬದುಕುತ್ತಿದ್ದರು.

ಒಮ್ಮೆ ಖಾಲಿ ಎಂದು ಬರೆದ ಮನೆಯ ವಾಲ್ವು ಮರುದಿನ ಬೆಳಗಿನ ಎಣಿಕೆಯ ತನಕ ತೆರೆಯುವುದಿಲ್ಲ. ನೀಲಗಂಗಾ ಏನೇನು ಒತ್ತಿದರೂ ತೆರೆಯಲಿಲ್ಲ. ಕೂಸು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ಅಂಗೈಯಷ್ಟು ಇತ್ತು. ಇದಕ್ಕೆ ಬಿಸಿ ತಾಗಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಚಂದಮ್ಮ ಒದ್ದೆ ಬಟ್ಟೆಯಲ್ಲಿ ಅದನ್ನು ಸುತ್ತಿ ಎದೆಗೆ ಅವುಚಿಕೊಂಡಳು.

ನೀಲಗಂಗಾ ತನ್ನ ಮೇಲಧಿಕಾರಿಯಾಗಲಿದ್ದ ತ್ರಿಲೋಚನ ಅವರಿಗೆ ಫೋನು ಮಾಡಿದಳು.

"ಸರ್, ಮಾದರಿ ವಾರ್ಡು ಅಂತ ತೊಂಬತ್ತೊಂಬತ್ತು ಹಾಕಿದ್ದೀರಿ."

"ಹೌದಮ್ಮ, ಅದು ಡಮ್ಮಿ. ಅಂಥ ವಾರ್ಡೇ ಇಲ್ಲ. ಧೈರ್ಯವಾಗಿ ಓಡಿಸಿ."

"ಸರ್, ನಾನು ಅದರೊಳಗೇ ಕೂತಿದ್ದೇನೆ."

ತ್ರಿಲೋಚನರು, "ಇವತ್ತು ಭಾನುವಾರ ಅಲ್ವಾ? ನಾಳೆ ಬನ್ನಿ, ಕೂತು ಮಾತಾಡೋಣ" ಎಂದರು. ದನಿಯಲ್ಲಿ ಗಾಬರಿಯಿಲ್ಲ, ಬೇಸರವಿತ್ತು. ಊಟ ಮಾಡಿ ಮಲಗಿದ್ದವರನ್ನು ಎಬ್ಬಿಸಿದ ಬೇಸರ.

ನೀಲಗಂಗಾ ಆಟೋದ ಸುತ್ತ ಒದ್ದೆ ಗೋಣಿ ಕಟ್ಟಿಕೊಂಡು ಬಾಣಂತಿಯನ್ನೂ ಕೂಸನ್ನೂ ಮಲ್ಕಣ್ಣನನ್ನೂ ನಾಲ್ಕನೇ ವಾರ್ಡಿನ ತನ್ನ ಬಾಡಿಗೆ ಕೋಣೆಗೆ ಕರೆದೊಯ್ದಳು. ಬೋರಮ್ಮ ಆಯಿಯನ್ನೂ ಕರೆದರು. "ನನಗ ರೂಢಿ ಅದ, ನೀವು ಹೋಗ್ರಿ" ಎಂದು ಆಕೆ ಬಾಗಿಲು ಹಾಕಿಕೊಂಡಳು.

ಕೋಣೆಯಲ್ಲಿ ಕಾಲಿಟ್ಟದ್ದೇ ಚಂದಮ್ಮ ಬೆಚ್ಚಿ ಹಿಂದೆಗೆದಳು. ನೆಲ ಕೊರೆಯುತ್ತಿತ್ತು. ನಾಲ್ಕನೇ ವಾರ್ಡಿನವರು ಮಧ್ಯಾಹ್ನ ಜಮಖಾನೆ ಹಾಸಿ, ಅದರ ಮೇಲೆ ಗಾದಿ ಹಾಸಿ ಕೂರುತ್ತಾರೆ. ನೀಲಗಂಗಾ ಕೂಡ ಮನೆಯಲ್ಲಿ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದಳು.

"ಇಷ್ಟ್ಯಾಕ ತಂಪ್ ಅದ ಇಲ್ಲಿ?" ಎಂದಳು ಚಂದಮ್ಮ.

ಖಾಲಿ ಮನೆಗಳ ಪಾಲು ಎಲ್ಲಿಗೆ ಹೋಗುತ್ತದೆಂದು ಈಗ ನೀಲಗಂಗಾಳಿಗೆ ಗೊತ್ತಿತ್ತು. ಕಾಲುಚೀಲ ಕಿತ್ತು ಎಸೆದಳು. ಕೂಸು ಕಣ್ಣು ಬಿಟ್ಟು ಚೀರಿ ಅತ್ತಿತು. ಅದು ಅತ್ತದ್ದೇ ಅವರಿಗೆಲ್ಲ ಸಮಾಧಾನ.

ಸೋಮವಾರ ನಿಗಮದ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಷ್ಟು ದೊಡ್ಡ ಪರದೆ. ಊರಿನ ವಾರ್ಡುಗಳೆಲ್ಲ ತಿಳಿನೀಲಿ ಬಣ್ಣದಲ್ಲಿ ಸುಖವಾಗಿದ್ದವು. ತೊಂಬತ್ತೊಂಬತ್ತು ಅದರಲ್ಲಿರಲೇ ಇಲ್ಲ, ಡಮ್ಮಿಯನ್ನು ತೋರಿಸುವುದೇಕೆ ಎಂದು ಮರೆಮಾಡಿದ್ದರು. ನೀಲಗಂಗಾ ಅದನ್ನು ಬಿಚ್ಚಿ ನೋಡಿದಳು. ದೂರುಗಳು ರಾಶಿ ಬಿದ್ದಿದ್ದವು. ಒಂದೊಂದರ ಮುಂದೆಯೂ ‘ಪರೀಕ್ಷಾ ದೂರು, ತಾನಾಗಿ ಮುಚ್ಚಲಾಗಿದೆ’ ಎಂದಿತ್ತು. ಒಂದನ್ನು ಒತ್ತಿದಳು. ಅಕ್ಕನ ದನಿ: "ನಮ್ಮ ಬಾಜೂ ಮನಿ ಮುತ್ಯಾ ಎಚ್ಚರ ತಪ್ಯಾನ್ರಿ, ಲಗೂನ ಯಾರರೆ ಬರ್ರಿ." ಬೋರಮ್ಮ ಆಯಿಯ ಗಂಡ ಸತ್ತ ದಿನದ ಆ ದೂರನ್ನೂ ಮುಚ್ಚಲಾಗಿತ್ತು.

ಅಷ್ಟರಲ್ಲಿ ಪಕ್ಕದ ಮೇಜಿನ ಗೌತಮಿ ಚಹಾದ ಲೋಟ ಪಕ್ಕಕ್ಕಿಟ್ಟು ಬೆರಳು ಮುರಿದುಕೊಂಡು ಕೀಲಿ ಒತ್ತಿದಳು. ಅಲ್ಲಿನ ಪದ್ಧತಿಯೇ ಅದು. ಬಂದ ಕೂಡಲೇ ಒಮ್ಮೆ ಬ್ಯಾಕೆಂಡನ್ನು ಕೆಡವಿ ಹೊಸದಾಗಿ ಎಬ್ಬಿಸುವುದು. ನಡುವೆ ಏನಾದರೂ ಕೈಕೊಟ್ಟರೆ ಇನ್ನೊಮ್ಮೆ.

"ಏನು ಮಾಡಿದ್ರಿ ಈಗ?"

"ಸೆಟಪ್ಪು. ಯಾಕೆ?"

"ಒಂದು ವಾರ್ಡಿನ ಉಸಿರು ತೆಗೆದ್ರಿ" ಎಂದು ನೀಲಗಂಗಾ ಕೂಗಿದಳು. ಕೊಠಡಿಯೆಲ್ಲ ತಿರುಗಿ ನೋಡಿತು. ಗೌತಮಿಯ ಮುಖ ಬಿಳಿಚಿಕೊಂಡಿತು. ಪಾಪ, ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದಿರುವುದು ಇಷ್ಟು ಆರಾಮಾಗಿರಬಾರದು ಎಂದು ನೀಲಗಂಗಾಳಿಗೆ ಅನ್ನಿಸಿತು.

ತ್ರಿಲೋಚನರು ಅವಳನ್ನು ತಮ್ಮ ಕೋಣೆಗೆ ಕರೆದು ಕೂರಿಸಿ, ನೀರು ತರಿಸಿ, ಬಹಳ ಮರ್ಯಾದೆಯಿಂದ ಮಾತಾಡಿದರು. ಅದೇ ಅವಳಿಗೆ ಹೆಚ್ಚು ಉರಿಯಿತು.

"ನಿಮ್ಮ ಕಾಳಜಿ ಅರ್ಥವಾಗುತ್ತೆ. ಆದರೆ ಆ ಸಂಖ್ಯೆ ನಮ್ಮ ಎಲ್ಲ ಪ್ರೋಗ್ರಾಮುಗಳಲ್ಲೂ ಬೇರು ಬಿಟ್ಟಿದೆ. ನಿಜವಾದ ವಾಲ್ವು ಮುಟ್ಟದಂಥ ಸುಳ್ಳು ವಾಲ್ವು ಯಂತ್ರ ಬರೆಯಬೇಕು, ಪರೀಕ್ಷಿಸಬೇಕು, ಮೇಲಿನವರ ಒಪ್ಪಿಗೆ ಬೇಕು. ಮೂರು ತಿಂಗಳಾದ್ರೂ ಹಿಡಿಯುತ್ತೆ."

"ಅಷ್ಟರಲ್ಲಿ ಬೇಸಿಗೆಯೇ ಮುಗಿಯುತ್ತೆ, ಸರ್. ಜನರೂ ಮುಗೀತಾರೆ."

"ಇಷ್ಟು ವರ್ಷ ಹೇಗೋ ನಿಭಾಯಿಸಿದ್ದಾರಲ್ಲ."

"ಎಲ್ಲರೂ ಇಲ್ಲ, ಸರ್."

"ನೋಡಿ ನೀಲಗಂಗಾ, ಎಂಜಿನಿಯರುಗಳಿಗೆ ಕೆಲಸ ಮಾಡೋಕೆ ಯಾವುದೋ ಒಂದಿಷ್ಟು ಮನೆ ಬೇಕು. ಯಾವುದಾದರೇನು, ಮಾದರಿಗೆ ಅಷ್ಟೇ."

"ಯಾವುದಾದರೂ ಆಗುತ್ತಾ, ಸರ್?"

"ಯಾವುದಾದರೂ" ಎಂದರು ತ್ರಿಲೋಚನರು, ಮಾತು ಮುಗಿಯಿತೆಂಬಂತೆ ಎದ್ದು ನಿಂತು.

ಬಾಗಿಲ ತನಕ ಬಂದು ಇನ್ನೊಂದು ಮಾತು ನೆನಪಿಸಿದರು. "ಅಂದ ಹಾಗೆ, ಸಂಜೆಯೊಳಗೆ ನಿಮ್ಮ ಬೋಣಿ ಮಾಡಿಬಿಡಿ."

ಬೋಣಿ ಎಂದರೆ ಆ ಆಫೀಸಿನ ಇನ್ನೊಂದು ಪದ್ಧತಿ. ಹೊಸದಾಗಿ ಸೇರಿದವರು ಮೊದಲ ದಿನವೇ ಪ್ರೋಗ್ರಾಮಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿ ಕಳಿಸಬೇಕು. ಎಲ್ಲೋ ತಪ್ಪಿದ ಅಕ್ಷರ, ಎಲ್ಲೋ ಬಿಟ್ಟುಹೋದ ಚುಕ್ಕೆ. ಅದನ್ನು ಯಾರೂ ಓದುವುದಿಲ್ಲ. ಅಂಗಡಿಯ ಮೊದಲ ವ್ಯಾಪಾರಕ್ಕೆ ಚೌಕಾಸಿ ಮಾಡಬಾರದು ಎಂಬಂತೆ, ಬೋಣಿಗೆ ಇಲ್ಲ ಅನ್ನಬಾರದು. ಒಪ್ಪಿಗೆ ಒತ್ತಿ, ಪೇಢೆ ತಿಂದು ಮನೆಗೆ ಹೋಗುವುದು.

ನೀಲಗಂಗಾ ತನ್ನ ಬೋಣಿ ಬರೆದಳು. ಚಿಕ್ಕದೇ. ಇನ್ನು ಮುಂದೆ ಯಾರು ಬ್ಯಾಕೆಂಡ್ ಎಬ್ಬಿಸುತ್ತಾರೋ ಅವರ ಸ್ವಂತ ಮನೆಯೇ ಮಾದರಿ ಮನೆ. ಎಲ್ಲರ ಮನೆಯ ಸಂಖ್ಯೆ ನಿಗಮದ ಗುರುತಿನ ಚೀಟಿಯಲ್ಲೇ ಇತ್ತು, ಹುಡುಕುವ ಕಷ್ಟವಿರಲಿಲ್ಲ. ಕದ್ದುಮುಚ್ಚಿ ಮಾಡಲು ಅವಳ ಮನಸ್ಸು ಒಪ್ಪಲಿಲ್ಲ. ಓಡುವ ಮೊದಲು ಅದು ಪರದೆಯ ಮೇಲೆ ಕೇಳುವಂತೆ ಮಾಡಿದಳು: ‘ಈಗ ಖಾಲಿಯಾಗುವುದು ನಿಮ್ಮ ಮನೆ. ನಾಳೆ ಬೆಳಗಿನ ತನಕ ವಾಲ್ವು ತೆರೆಯುವುದಿಲ್ಲ. ಮುಂದುವರಿಯಲೇ?’ ಓದಿದವರು ಬಚಾವಾಗಲಿ ಎಂದುಕೊಂಡಳು. ಓದುವವರಿದ್ದಿದ್ದರೆ ಅಕ್ಕನ ದೂರನ್ನೂ ಓದುತ್ತಿದ್ದರು.

ತ್ರಿಲೋಚನರು ಫೋನಿನಲ್ಲಿ ಮಾತಾಡುತ್ತಲೇ ಒಪ್ಪಿಗೆ ಒತ್ತಿ, ಪೇಢೆಗೆ ಕೈ ಚಾಚಿದರು.

ಮಂಗಳವಾರ ಬೆಳಿಗ್ಗೆ ನೀಲಗಂಗಾ ಅಕ್ಕನನ್ನು ಎಬ್ಬಿಸಿ, "ಕೂಸಿನ್ನ ಕರ್ಕೊಂಡು ನಿನ್ನ ಮನಿಗಿ ನಡಿ" ಎಂದಳು.

"ಮಂಗಳವಾರ ಹೋಗು ಅಂತಿ? ಕೊಲ್ಲಬೇಕಂತ ಮಾಡೀ ಏನು?"

"ಇವತ್ತ ಅಲ್ಲಿ ತಂಪ್ ಇರ್ತದ. ಇಲ್ಲಿ ಇರಂಗಿಲ್ಲ."

ಚಂದಮ್ಮ ತಂಗಿಯ ಮುಖವನ್ನೇ ನೋಡಿದಳು. ಹಿಂದೆ ಮುಂದೆ ಕೇಳಲಿಲ್ಲ. ಬಿಸಿಲೇರುವ ಮುಂಚೆ ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎತ್ತಿಕೊಂಡು ಗಂಡನ ಜೊತೆ ಹೊರಟಳು. ಅವಳು ಹಾಗೆ ನಂಬಿ ಹೋದದ್ದನ್ನು ನೋಡಿ ನೀಲಗಂಗಾ ತಾನು ಬರೆದದ್ದನ್ನು ಮತ್ತೊಮ್ಮೆ ಮೊದಲಿನಿಂದ ಓದಿದಳು. ತನ್ನ ಲೆಕ್ಕ ಎಲ್ಲಾದರೂ ತಪ್ಪಿದ್ದರೆ ಆ ಕೂಸಿಗೆ ಮಧ್ಯಾಹ್ನ ದಾಟುವುದು ಕಷ್ಟ.

ಮೊದಲು ತನ್ನದನ್ನೇ ಓಡಿಸಿದಳು. ಕೋಣೆಯ ವಾಲ್ವು ಟಕ್ಕೆಂದಿತು. ಪಕ್ಕದವರದು ಸುಮ್ಮನಿತ್ತು. ಅವಳು ಬಾಗಿಲು ಎಳೆದುಕೊಂಡು ಆಫೀಸಿಗೆ ಹೋದಳು.

ಅಲ್ಲಿ ಒಬ್ಬೊಬ್ಬರಾಗಿ ಬಂದರು, ಚಹಾ ಕುಡಿದರು, ಸೆಟಪ್ಪು ಓಡಿಸಿದರು. ಪರದೆಯಲ್ಲಿ ಪ್ರಶ್ನೆ ಬಂತು. ಅದರ ಕಡೆ ನೋಡದೆಯೇ ‘ಹೂಂ’ ಒತ್ತಿದರು, ಎಲ್ಲ ಪ್ರಶ್ನೆಗೂ ಒತ್ತುವ ಹಾಗೆ. ಓದಿ ಕೈ ಹಿಂದೆ ತೆಗೆದವಳು ಗೌತಮಿ ಒಬ್ಬಳೇ. ಅವಳು ನೀಲಗಂಗಾಳತ್ತ ನೋಡಿದಳು, ಲ್ಯಾಪ್‌ಟಾಪ್ ಮುಚ್ಚಿದಳು, ಯಾರಿಗೂ ಏನೂ ಹೇಳಲಿಲ್ಲ.

ಬಿಸಿಲು ನೆತ್ತಿಗೆ ಬರುತ್ತಿದ್ದಂತೆ ಫೋನುಗಳು ಹೊಡೆದುಕೊಳ್ಳತೊಡಗಿದವು. ಒಬ್ಬರ ಹೆಂಡತಿ, ಇನ್ನೊಬ್ಬರ ಅಮ್ಮ, ಮತ್ತೊಬ್ಬರ ಅತ್ತೆ. ನೆಲ ಸುಡುತ್ತಿದೆ, ಏನು ಮಾಡಲಿ? ಪಕ್ಕದ ಮನೆಗೆ ಹೋಗು ಎಂದರು ಇವರು. ಅವರು ಹೋದರು. ಪಕ್ಕದ ಮನೆ ತಂಪಾಗಿತ್ತು, ಗಾದಿ ಹಾಸಿ ಕೂರಿಸಿ ಶರಬತ್ತು ಕೊಟ್ಟರು. ತೊಂಬತ್ತೊಂಬತ್ತರವರಿಗೆ ಹೋಗಲು ಅಂಥ ಪಕ್ಕದ ಮನೆ ಯಾವತ್ತೂ ಇರಲಿಲ್ಲ.

ತ್ರಿಲೋಚನರು ಫೋನು ಕಿವಿಗೆ ಹಿಡಿದುಕೊಂಡೇ ಕೋಣೆಯಿಂದ ನುಗ್ಗಿ ಬಂದರು. "ಯಾರ್ರೀ ಇದು? ನಮ್ಮ ತಂದೆಯವರು ಪಕ್ಕದ ಮನೆಯಲ್ಲಿ ಹೋಗಿ ಕೂತಿದ್ದಾರೆ! ಎಂಬತ್ತು ವರ್ಷದವರು!" ಮರ್ಯಾದೆಯೆಲ್ಲ ಗಾಳಿಗೆ ಹಾರಿತ್ತು. "ಸುಳ್ಳು ವಾಲ್ವು ಯಂತ್ರ ಈಗಲೇ ಬರೀರಿ. ಎಲ್ಲರೂ ಕೂತ್ಕೊಳ್ಳಿ. ಸಂಜೆಯೊಳಗೆ ಯಾವ ಲ್ಯಾಪ್‌ಟಾಪೂ ನಿಜವಾದ ವಾಲ್ವು ಮುಟ್ಟಬಾರದು!"

"ಮೂರು ತಿಂಗಳು ಅಂದಿದ್ರಿ, ಸರ್" ಎಂದಳು ನೀಲಗಂಗಾ.

ಅವರು ತಿರುಗಿದರು. "ಬೋಣಿ ನಿಮ್ಮದೇ ಅಲ್ವಾ?"

"ಹೌದು. ಒಪ್ಪಿಗೆ ನಿಮ್ಮದು. ಯಾವುದಾದರೂ ಆಗುತ್ತೆ ಅಂದಿರಿ. ನಿಮ್ಮ ತಂದೆಯವರಿಗೆ ಏನೂ ಆಗೋದಿಲ್ಲ ಸರ್, ಅವರು ತಂಪಿನಲ್ಲಿ ಕೂತಿದ್ದಾರೆ. ಇಂಥದೇ ಒಂದು ಮಂಗಳವಾರ ನಮ್ಮ ಓಣಿಯ ಮುತ್ಯಾ ಇದೇ ಹೊತ್ತಿನಲ್ಲಿ ಸತ್ತ. ಅವನ ದೂರು ನಿಮ್ಮಲ್ಲಿ ಪರಿಹಾರ ಆಗಿದೆ. ನಾನೇ ನೋಡಿದೆ."

ಗುರುತಿನ ಚೀಟಿ ಮೇಜಿನ ಮೇಲಿಟ್ಟು ಹೋಗಿ ಎಂದರು. ಅವಳು ಇಡಲಿಲ್ಲ, ಅವರ ಕೈಗೇ ಕೊಟ್ಟಳು.

ಆಟೋದಲ್ಲಿ ಒದ್ದೆ ಗೋಣಿಯ ಹಿಂದೆ ಕೂತು ಬರುವಾಗ ಗೌತಮಿಯ ಸಂದೇಶ ಬಂತು. ಸುಳ್ಳು ಯಂತ್ರ ಅರ್ಧ ಮುಗಿದಿದೆ, ತೊಂಬತ್ತೊಂಬತ್ತನ್ನು ಡಮ್ಮಿ ಪಟ್ಟಿಯಿಂದ ನಾನೇ ಅಳಿಸಿದೆ ಎಂದಿತ್ತು. ನೀಲಗಂಗಾಳಿಗೆ ಸಂತೋಷವಾಗಲಿಲ್ಲ. ಒಂದು ಮಧ್ಯಾಹ್ನದ ಕೆಲಸ! ಇಷ್ಟು ವರ್ಷ ಇವರಿಗೆ ಒಂದು ಮಧ್ಯಾಹ್ನ ಸಿಗಲಿಲ್ಲವೇ ಎಂದು ಆಟೋದ ಸರಳನ್ನು ಬಿಗಿಯಾಗಿ ಹಿಡಿದುಕೊಂಡು ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈದಳು. ಆಟೋದವನು ತನ್ನನ್ನೇ ಎಂದುಕೊಂಡು ಜೋರಾಗಿ ಓಡಿಸಿದ.

ಅಕ್ಕನ ಮನೆಯ ಬಾಗಿಲು ತೆಗೆದಾಗ ಒಳಗಿನಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಚಂದಮ್ಮ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಕೂಸು ಅವಳ ತೊಡೆಯ ಮೇಲೆ ಬಾಯಿ ತೆರೆದು ಮಲಗಿತ್ತು, ಹೊಟ್ಟೆ ಸಣ್ಣಗೆ ಏರಿ ಇಳಿಯುತ್ತಿತ್ತು. ಬೋರಮ್ಮ ಆಯಿ ಅಲ್ಲೇ ಬಂದು, ಬರಿಯ ಪರಸಿಯ ಮೇಲೆ ಕೆನ್ನೆಯಿಟ್ಟು ಬಿದ್ದುಕೊಂಡಿದ್ದಳು. ಹೆಜ್ಜೆಯ ಸದ್ದಿಗೆ ಕಣ್ಣು ಬಿಟ್ಟಳು.

"ನೆಲ ತಂಪ್ ಅದ" ಎಂದಳು ಆಯಿ. "ಇವತ್ತ ಯಾವ ದೊಡ್ಡವ್ರು ಸತ್ರವ್ವಾ?"

ಯಾರೂ ನಗಲಿಲ್ಲ. ನೀಲಗಂಗಾ ಚಪ್ಪಲಿ ಬಿಟ್ಟು ಆಯಿಯ ಪಕ್ಕದಲ್ಲಿ ಕೂತು, ಆ ಮುದಿ ಕೈಯನ್ನು ಕಲ್ಲಿನ ಮೇಲೆ ಅಂಗೈ ಊರಿಸಿ ಹಿಡಿದಳು.

"ಯಾರೂ ಸತ್ತಿಲ್ಲ, ಆಯಿ" ಎಂದಳು. "ಇವತ್ತ ಮಂಗಳವಾರ. ಇವತ್ತ ಯಾರೂ ಸತ್ತಿಲ್ಲ."